ಕೂಸಿನ ಕರುಳಡಚಣೆ: ತಡವಾದಷ್ಟೂ ಗಾಯ ದೊಡ್ಡದು

ಕೆಲವು ವರ್ಷಗಳ ಹಿಂದೆ ಸಾಲೋಟಗಿ ಸಮೀಪದ ತೋಟದ ವಸ್ತಿಯಿಂದ ಎಂಟು ತಿಂಗಳ ಕೂಸೊಂದನ್ನು ನಮ್ಮಲ್ಲಿಗೆ ತಂದಿದ್ದರು. ಆಗಾಗ ಕಾಲು ಮಡಚಿ ಚೀರುವುದು, ನಡುವೆ ಸುಮ್ಮನೆ ಮಲಗುವುದು. ಆ ಮೌನವನ್ನೇ ಗುಣವೆಂದು ತಿಳಿದ ಮನೆಯವರು ಎರಡು ದಿನ ಔಡಲೆಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿಸಿದ್ದರು. ನಾವು ನೋಡುವಾಗ ವಾಂತಿ ಹಸಿರಾಗಿತ್ತು. ಮಲದಲ್ಲಿ ರಕ್ತ ಬೆರೆತ ಲೋಳೆಯಿತ್ತು. ಔಷಧಿ ಕೊಡದೆ ಕೂಡಲೇ ವಿಜಯಪುರಕ್ಕೆ ಕಳುಹಿಸಿದೆವು. ಕೂಸು ಬದುಕಿತು, ಆದರೆ ಹೊಟ್ಟೆ ಕೊಯ್ದು, ಕೊಳೆತ ಕರುಳಿನ ಭಾಗವನ್ನು ತೆಗೆಯಬೇಕಾಯಿತು.

ಕರುಳಿನ ಒಂದು ಭಾಗವು ಮುಂದಿನ ಭಾಗದೊಳಗೆ ಸೇರಿಕೊಳ್ಳುವುದೇ ಈ ವ್ಯಾಧಿ. ಮೂರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಸಿಕ್ಕಿಕೊಂಡ ಭಾಗಕ್ಕೆ ರಕ್ತಸಂಚಾರ ಕುಗ್ಗುವುದರಿಂದ ಪ್ರತಿಯೊಂದು ಗಂಟೆಯೂ ಅಮೂಲ್ಯ. ಬೇಗ ಬಂದ ಮಗುವಿಗೆ ಗುದದ್ವಾರದಿಂದ ಗಾಳಿಯನ್ನೋ ಲವಣಜಲವನ್ನೋ ಒತ್ತಡದಲ್ಲಿ ಹಾಯಿಸಿ, ಕೊಯ್ಯದೆಯೇ ಕರುಳನ್ನು ಬಿಡಿಸಬಹುದು. ಅದು ಫಲಿಸದಿದ್ದರೆ ಲ್ಯಾಪರೋಸ್ಕೋಪಿ, ಅಂದರೆ ನಮ್ಮ ಜನರು ಹೇಳುವ ದುರ್ಬೀನು ಆಪರೇಷನ್ ಉಂಟು. ಹೊಕ್ಕುಳ ಬಳಿಯ ಸಣ್ಣ ರಂಧ್ರದಿಂದ ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಹಿಗ್ಗಿಸಿ, ಕ್ಯಾಮೆರಾದಲ್ಲಿ ನೋಡುತ್ತ, 3ರಿಂದ 5 ಮಿಲಿಮೀಟರ್ ದಪ್ಪದ ಉಪಕರಣಗಳಿಂದ ಕರುಳನ್ನು ಮೆಲ್ಲನೆ ಬಿಡಿಸುವರು. ನೋವು ಕಡಿಮೆ, ಮಗು ಬೇಗ ಹಾಲು ಕುಡಿಯುವುದು. ಕರುಳು ಕೊಳೆತ ಮೇಲೆ ಅಥವಾ ತೂತುಬಿದ್ದ ಮೇಲೆ ಸಾಮಾನ್ಯವಾಗಿ ಹೊಟ್ಟೆ ಕೊಯ್ಯುವುದೊಂದೇ ಉಳಿಯುವ ದಾರಿ. ಆದ್ದರಿಂದ ಗಾಯದ ಅಳತೆಯನ್ನು ಎಷ್ಟೋ ವೇಳೆ ನಿರ್ಧರಿಸುವುದು ಶಸ್ತ್ರವೈದ್ಯರಲ್ಲ, ಮನೆಯಲ್ಲಿ ನಾವು ಕಳೆದ ಹೊತ್ತು.

ಆಯುರ್ವೇದ ವೈದ್ಯರಾಗಿ ನಾವು ಹೀಗೆ ಬರೆಯುವುದು ಕೆಲವರಿಗೆ ಅಚ್ಚರಿಯೆನಿಸೀತು. ಆದರೆ ಬದ್ಧಗುದೋದರಕ್ಕೆ ಶಸ್ತ್ರವನ್ನೇ ವಿಧಿಸಿದವನು ಸುಶ್ರುತ. ನಾಭಿಯ ಕೆಳಗೆ ಎಡಬದಿಯಲ್ಲಿ ಉದರವನ್ನು ಛೇದಿಸಿ, ನಾಲ್ಕು ಅಂಗುಲ ಕರುಳನ್ನು ಹೊರತೆಗೆದು ನೋಡಿ, ತಡೆಯಾದ ಕಲ್ಲು, ಕೂದಲು, ಮಲವನ್ನು ನೀಗಿ, ಜೇನುತುಪ್ಪ ಸವರಿ, ಒಳಗಿಟ್ಟು ಹೊಲಿಯಬೇಕೆಂಬುದು ಆತನ ವಿಧಾನ. ಕರುಳು ಕಟ್ಟಿದಾಗ ಕಷಾಯವನ್ನೇ ನಂಬಿ ಕೂರುವುದು ಆಯುರ್ವೇದವಲ್ಲ. ಸಾಲೋಟಗಿಯ ಕ್ರಿ.ಶ. 945ರ ಶಾಸನವು ನಾನಾ ದೇಶಗಳ ವಿದ್ಯಾರ್ಥಿಗಳು ಇಲ್ಲಿ ಕಲಿಯುತ್ತಿದ್ದುದನ್ನು ಹೇಳುತ್ತದೆ. ಅಂತಹ ನೆಲದವರಾದ ನಮಗೆ ಹೊಸ ವಿದ್ಯೆ ಪರಕೀಯವಾಗಬೇಕಾಗಿಲ್ಲ.

ಸದ್ಭಕ್ತರಲ್ಲಿ ನಮ್ಮ ಅರಿಕೆಯಿಷ್ಟೆ. ಕೂಸು ಬಿಟ್ಟುಬಿಟ್ಟು ಚೀರಿದರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿದರೆ ಔಡಲೆಣ್ಣೆ ಬೇಡ, ತಿಕ್ಕಿಸುವುದು ಬೇಡ, ಬರೆ ಹಾಕಿಸುವುದಂತೂ ಬೇಡವೇ ಬೇಡ. ಮಲದಲ್ಲಿ ರಕ್ತ ಕಾಣುವವರೆಗೆ ಕಾಯಬೇಡಿರಿ. ಹಣೆಗೆ ವಿಭೂತಿ ಧರಿಸಿರಿ. ಅದೇ ಗಳಿಗೆಯಲ್ಲಿ 108ಕ್ಕೆ ಕರೆ ಮಾಡಿರಿ. ವೈದ್ಯರನ್ನು ಕೇಳದೆ ಬಾಯಿಗೆ ಏನನ್ನೂ ಹಾಕದೆ, ಮಕ್ಕಳ ಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಕೂಸಿಗೆ ಚೇತರಿಕೆ ಬಂದ ಮೇಲೆ ಪಥ್ಯ, ಪೋಷಣೆಗೆ ನಾವಿದ್ದೇವೆ.