ಚಿನ್ನ ಉಳೀತು, ಚರ್ಮ ಕರಗಿತು

ಪ್ರಾಚೀನ ಈಜಿಪ್ಟಿನ ರಾಜರು ಅಂದ ಕೂಡಲೇ ಕಣ್ಮುಂದೆ ಬರೋದು ಚಿನ್ನ. 1922ರಲ್ಲಿ ಹೊವಾರ್ಡ್ ಕಾರ್ಟರ್ ಟುಟಾಂಖಾಮನ್‌ನ ಸಮಾಧಿ ಪತ್ತೆ ಮಾಡಿದಾಗ ಜಗತ್ತು ಬಾಯಿ ಬಿಟ್ಟು ನೋಡಿದ್ದೂ ಅದನ್ನೇ. ಆ ಸಮಾಧಿಯಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದ ಆರು ರಥಗಳೂ ಸಿಕ್ಕಿದವು. ಚಿನ್ನದ ತಗಡು ಹೊದಿಸಿದ ಮರ ಉಳಿದಿತ್ತು. ಚರ್ಮದ ಭಾಗಗಳು ಮಾತ್ರ ತೇವಕ್ಕೆ ಕರಗಿ ಕಪ್ಪು ಅಂಟಿನ ಮುದ್ದೆಯಾಗಿದ್ದವು.

ಹೋದರೆ ಹೋಯ್ತು, ಚರ್ಮ ತಾನೇ ಅಂತೀರಾ? ರಥ ಓಡ್ತಿದ್ದದ್ದೇ ಅದರಿಂದ!

ಚಕ್ರವನ್ನೇ ನೋಡಿ. ಬಾಗಿಸಿದ ಮರದ ತುಂಡುಗಳನ್ನು ಜೋಡಿಸಿ, ಮೇಲೆ ಹಸಿ ತೊಗಲು ಸುತ್ತುತ್ತಿದ್ದರು. ಒಣಗುತ್ತಾ ಹೋದಂತೆ ಅದು ಕುಗ್ಗಿ, ಕೀಲುಗಳನ್ನೆಲ್ಲ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ನಿಲ್ಲುವ ಜಾಗಕ್ಕೆ ಹಲಗೆ ಇರಲಿಲ್ಲ, ಮಂಚಕ್ಕೆ ನವಾರು ಹೆಣೆದ ಹಾಗೆ ಚರ್ಮದ ಪಟ್ಟಿಗಳ ಹೆಣಿಗೆ. ಕಲ್ಲುಮಣ್ಣಿನ ಮೇಲೆ ಓಡುವಾಗ ಬಿಲ್ಲುಗಾರನ ಕೈ ಅಲುಗದಂತೆ ಕಾಪಾಡೋ ಸಸ್ಪೆನ್ಷನ್ ಅದೇ. ರಥದ ಹೊದಿಕೆ, ಬಿಲ್ಲಿನ ಚೀಲ, ಬತ್ತಳಿಕೆ, ಕುದುರೆಯ ಪಟ್ಟಿಗಳು ಕೂಡ ಚರ್ಮದ್ದೇ.

ಆ ಹೊದಿಕೆ ಹೇಗಿರ್ತಿತ್ತು? ಇದಕ್ಕೆ ಉತ್ತರ ಕೈರೋದ ಈಜಿಪ್ಷಿಯನ್ ಮ್ಯೂಸಿಯಂನಲ್ಲೇ ಇತ್ತು, ಯಾರ ಗಮನಕ್ಕೂ ಬಾರದೆ. 1932ರಲ್ಲಿ ಜಾರ್ಜ್ ಟ್ಯಾನೋ ಎಂಬ ಪುರಾತನ ವಸ್ತುಗಳ ವ್ಯಾಪಾರಿಯಿಂದ ಕೊಂಡಿದ್ದ ಚರ್ಮದ ತುಂಡುಗಳವು. ದಶಕಗಳ ನಂತರ ಸಲೀಮಾ ಇಕ್ರಮ್ ಮತ್ತು ಆಂದ್ರೆ ಫೆಲ್ಡ್‌ಮೈಯರ್ ಎಂಬ ಸಂಶೋಧಕರು ಹಳೇ ಪುಸ್ತಕವೊಂದರಲ್ಲಿ ಅವುಗಳ ಕಪ್ಪು-ಬಿಳುಪು ಫೋಟೋ ನೋಡಿ ಹುಡುಕಿ ಹೊರಟರು. ಟ್ರೇಗಳಲ್ಲಿ ಸಿಕ್ಕಿದ್ದು ಸುಮಾರು 60 ದೊಡ್ಡ ತುಂಡುಗಳು, ಜೊತೆಗೆ ಅನೇಕ ಚೂರುಗಳು. ಒಂದು ರಥದ ಹೆಚ್ಚುಕಡಿಮೆ ಇಡೀ ಉಡುಗೆ!

ಅದರ ಬಣ್ಣ ಕೆಂಪು, ಹಸಿರು. ಒಂದು ಬಣ್ಣದ ಚರ್ಮದ ಮೇಲೆ ಇನ್ನೊಂದು ಬಣ್ಣದ ಸಣ್ಣ ಪಟ್ಟಿಗಳನ್ನಿಟ್ಟು, ಒಂದರ ಅಂಚು ಮತ್ತೊಂದರ ಮೇಲೆ ಬರುವಂತೆ ಹೊಲಿದ ಅಲಂಕಾರ. ಸಾವಿರಾರು ವರ್ಷಗಳ ಹಿಂದಿನ ಹೊಲಿಗೆ, ಇನ್ನೂ ಎಣಿಸಬಹುದು.

ಇಷ್ಟೆಲ್ಲ ಸಿಕ್ಕರೂ ಮುಖ್ಯವಾದ ಒಂದು ಪ್ರಶ್ನೆ ಹಾಗೇ ಉಳಿದಿದೆ. ಇದು ಯಾರ ರಥ? ಟುಟಾಂಖಾಮನ್‌ನ ಸಮಾಧಿಯಲ್ಲಿ ಯಾವ ವಸ್ತು ಎಲ್ಲಿತ್ತು ಅಂತ ಕಾರ್ಟರ್ ನಂಬರ್ ಹಾಕಿ ಬರೆದಿಟ್ಟ, ಫೋಟೋ ತೆಗೆಸಿದ. ಟ್ಯಾನೋ ಚರ್ಮ ಬಂದದ್ದು ಅಂಗಡಿಯಿಂದ. ಯಾವ ಸಮಾಧಿ, ಪಕ್ಕದಲ್ಲಿ ಏನಿತ್ತು, ಯಾವ ರಾಜನ ಕಾಲ, ಯಾವುದಕ್ಕೂ ದಾಖಲೆ ಇಲ್ಲ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಡೇಟಾ ಭದ್ರವಾಗಿದೆ, ಮೆಟಾಡೇಟಾ ಡಿಲೀಟ್ ಆಗಿದೆ. ಬ್ಯಾಕಪ್ಪೂ ಇಲ್ಲ.

ವಿಚಿತ್ರ ನೋಡಿ, ಒಂದು ಕಡೆ ವಿಳಾಸ ಉಳಿದು ಚರ್ಮ ಹೋಯ್ತು, ಇನ್ನೊಂದು ಕಡೆ ಚರ್ಮ ಉಳಿದು ವಿಳಾಸ ಹೋಯ್ತು. ಚರ್ಮ ಕರಗಿಸಿದ್ದು ಪ್ರಕೃತಿ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ವಿಳಾಸ ಅಳಿಸಿದ್ದು ಮಾತ್ರ ಮನುಷ್ಯರ ಕೈ. ಕದ್ದ ವಸ್ತು ಒಂದಲ್ಲ ಒಂದು ದಿನ ಮ್ಯೂಸಿಯಂ ಸೇರಬಹುದು, ಆದರೆ ಅದರ ಕತೆ ಅಗೆದ ಗುಂಡಿಯಲ್ಲೇ ಉಳಿದುಬಿಡುತ್ತೆ.

ಅಂದಹಾಗೆ, ನಿಮ್ಮನೆ ಅಟ್ಟದ ಮೇಲೆ ಅಜ್ಜಿ ಕಾಲದ ಪೆಟ್ಟಿಗೆ ಇದೆಯಾ? ಅದು ಯಾರದು, ಎಲ್ಲಿಂದ ಬಂತು ಅಂತ ಗೊತ್ತಿರೋರು ಇರುವಾಗಲೇ ಕೇಳಿ, ಒಂದು ಚೀಟಿ ಬರೆದು ಒಳಗೆ ಹಾಕಿಡಿ.