ಒಂದು ರಾತ್ರಿಗೆ ಒಂದು ಹೋಟೆಲು

ಕನ್ನಡದಲ್ಲಿ 'ಹೋಟೆಲು' ಎಂದರೆ ದೋಸೆ ತಿಂದು ಕಾಫಿ ಕುಡಿಯುವ ಜಾಗ. ಮಲಗುವ ಜಾಗಕ್ಕೆ ನಾವು ಬೇರೆಯೇ ಹೆಸರಿಟ್ಟುಕೊಂಡಿದ್ದೇವೆ, 'ಲಾಡ್ಜು' ಎಂದು. ಮೊದಲನೆಯದಕ್ಕೆ ಮನೆಮಂದಿಯೆಲ್ಲ ಹೋಗಬಹುದು. ಎರಡನೆಯದರ ಹೆಸರನ್ನು ಹೆಂಗಸರು ಗಟ್ಟಿಯಾಗಿ ಹೇಳುವುದು ಕೂಡ ಒಂದು ಕಾಲಕ್ಕೆ ಮರ್ಯಾದೆಯ ಮಾತಾಗಿರಲಿಲ್ಲ. ಆದ್ದರಿಂದ ಅರವತ್ತು ದಾಟಿದ ನಾಲ್ವರು ನಿವೃತ್ತ ಶಿಕ್ಷಕಿಯರು ಬೆಂಗಳೂರಿನಲ್ಲಿ ಒಂದು ರಾತ್ರಿ ಲಾಡ್ಜಿನಲ್ಲಿ ಉಳಿಯುತ್ತೇವೆಂದು ಹೇಳಿದಾಗ ನಮ್ಮ ನಮ್ಮ ಮನೆಗಳಲ್ಲಿ ಎದ್ದ ಕೋಲಾಹಲವನ್ನು ನೀವು ಊಹಿಸಿಕೊಳ್ಳಬಲ್ಲಿರಿ.

ಸಂದರ್ಭವನ್ನು ಹೇಳಿಬಿಡುತ್ತೇನೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರು ರಾಮನವಮಿಯ ಸಂಗೀತೋತ್ಸವವನ್ನು ನಡೆಸುತ್ತಾರೆ. 1939ರಲ್ಲಿ ಆರಂಭವಾದದ್ದು ಅದು. (ಕರ್ನಾಟಕ ಸಂಗೀತದ ಅಷ್ಟು ದೊಡ್ಡ ಉತ್ಸವ ಒಂದು ಹೈಸ್ಕೂಲಿನ ಅಂಗಳದಲ್ಲಿ ನಡೆಯುತ್ತದೆಂಬುದು ಹೈಸ್ಕೂಲು ಶಿಕ್ಷಕಿಯಾದ ನನಗೆ ವಿಶೇಷ ಹೆಮ್ಮೆಯ ಸಂಗತಿ.) 1984ರಲ್ಲಿ ಮೈಸೂರಿನಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನ ಒಂದೇ ಕೊಠಡಿಯಲ್ಲಿದ್ದ ನಾವು ನಾಲ್ವರು, ಒಂದಲ್ಲ ಒಂದು ದಿನ ಆ ಚಪ್ಪರದಡಿ ಕುಳಿತು ಕಚೇರಿ ಕೇಳಬೇಕೆಂದು ಅಂದಿನಿಂದಲೂ ಹೇಳಿಕೊಳ್ಳುತ್ತಿದ್ದೆವು. ಆಗ ಬಿ.ಎಡ್. ಒಂದೇ ವರ್ಷದ್ದು, ಎರಡು ವರ್ಷವಾದದ್ದು 2015ರಿಂದ ಈಚೆಗೆ. ಒಂದು ವರ್ಷದ ಗೆಳೆತನ ನಲವತ್ತು ವರ್ಷ ಬಾಳಿತು. ಆದರೆ ಚಪ್ಪರದಡಿ ಕೂರುವ ಯೋಗ ಒದಗಿದ್ದು 2025ರ ಏಪ್ರಿಲಿನಲ್ಲಿ.

ಮಕ್ಕಳು ಸಂಗೀತಕ್ಕೆ ಹೋಗಬೇಡಿ ಎನ್ನಲಿಲ್ಲ. ಅವರ ಆಕ್ಷೇಪವೆಲ್ಲ ರಾತ್ರಿಯ ತಂಗುವಿಕೆಗೆ. "ಅಮ್ಮ, ನಮ್ಮನೆ ಇರೋವಾಗ ಲಾಡ್ಜಿಗೆ ಹೋಗ್ತೀಯಾ? ಯಾರಾದ್ರೂ ಕೇಳಿದ್ರೆ ನಾವೇನು ಹೇಳೋದು?" ಎಂದು ನನ್ನ ಮಗ ಕೇಳಿದ. ಉಳಿದವರ ಮನೆಗಳಲ್ಲೂ ಪದಗಳು ಬೇರೆ, ಮಾತು ಇದೇ. ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದೀರಿ. ನಿಮ್ಮ ತಾಯಂದಿರೂ ಇಂದಲ್ಲ ನಾಳೆ ಇಂಥದೇ ಬೇಡಿಕೆಯನ್ನು ಮುಂದಿಡಬಹುದು. ಅದಕ್ಕೇ ಇದನ್ನು ತುಸು ವಿವರವಾಗಿ ಬರೆಯುತ್ತಿದ್ದೇನೆ.

ಮಕ್ಕಳ ಮನೆ ಬೇಡವೆಂದದ್ದು ಮುನಿಸಿನಿಂದಲ್ಲ. ಒಬ್ಬಳ ಮಗಳು ಯಲಹಂಕದಲ್ಲಿ, ಇನ್ನೊಬ್ಬಳ ಮಗ ಕೆಂಗೇರಿಯಲ್ಲಿ, ನನ್ನವನು ವೈಟ್‌ಫೀಲ್ಡಿನಲ್ಲಿ. ಕಚೇರಿ ಮುಗಿದೊಡನೆ ನಾವು ನಾಲ್ಕು ದಿಕ್ಕಿಗೆ ಚದುರಬೇಕಾಗುತ್ತಿತ್ತು. ಒಂದೇ ಮನೆಯಲ್ಲಿ ಎಲ್ಲರೂ ಇಳಿದುಕೊಳ್ಳೋಣವೆಂದರೆ ಆ ಮನೆಯ ಸೊಸೆ ಬೆಳಿಗ್ಗೆ ಐದಕ್ಕೆದ್ದು ನಾಲ್ವರು ಅತಿಥಿಗಳಿಗೆ ತಿಂಡಿ ಮಾಡಿ, ಬಳಿಕ ಎಂಟಕ್ಕೆ ಕಚೇರಿಯ ಬಸ್ಸು ಹಿಡಿಯಬೇಕು. ಮಗನ ಮನೆಯಲ್ಲಿ ನಾನು ಅಮ್ಮ, ಅತ್ತೆ, ಅಜ್ಜಿ; ಮೂರೂ ಒಳ್ಳೆಯ ಪದವಿಗಳೇ. ಆದರೆ ಆ ಪದವಿಗಳಲ್ಲಿದ್ದುಕೊಂಡು ರಾತ್ರಿ ಎರಡು ಗಂಟೆಯವರೆಗೆ ಗಹಗಹಿಸಿ ನಗುವುದಾಗಲಿ, ನಲವತ್ತು ವರ್ಷದ ಹಳೆಯ ಮಾತೊಂದಕ್ಕೆ ಅಳುವುದಾಗಲಿ ಸಾಧ್ಯವಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಮಲಗಿರುತ್ತದೆ.

ಹಾಗೆ, ಹೋಟೆಲೇ ಎಂದು ನಿಶ್ಚಯವಾಯಿತು. ಮುಂದಿನ ಪ್ರಶ್ನೆ, ಯಾವುದು? ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದ.

ನಮ್ಮಲ್ಲಿ ಒಬ್ಬಳ ಮಗ ಅಮೆರಿಕದಲ್ಲಿದ್ದಾನೆ. ಅವಳು ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಎಂದಳು. 1887ರಷ್ಟು ಹಳೆಯದು, ಹಸಿರು ಮರಗಳ ನಡುವಿನದು. ಬಾಳಿನಲ್ಲಿ ಒಂದು ರಾತ್ರಿ ರಾಣಿಯರಂತೆ ಇರೋಣ ಎಂಬುದು ಅವಳ ವಾದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಕಂಪನಿಯ ಲೆಕ್ಕದಲ್ಲಿ ವೈಟ್‌ಫೀಲ್ಡಿನ ದೊಡ್ಡ ಹೋಟೆಲೊಂದರಲ್ಲಿ ರಿಯಾಯಿತಿ ಕೊಡಿಸುತ್ತೇನೆಂದ. (ನಿನ್ನ ಅಕ್ಕರೆ ದೊಡ್ಡದಪ್ಪಾ. ಆದರೆ 2023ರಿಂದ ಮೆಟ್ರೊ ಅಲ್ಲಿಯವರೆಗೆ ಓಡುತ್ತಿದ್ದರೂ, ರಾತ್ರಿ ಕಚೇರಿ ಮುಗಿಸಿ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಊರಿನ ಇನ್ನೊಂದು ತುದಿಗೆ ಹೋಗುವಷ್ಟು ಮೊಣಕಾಲು ನಮ್ಮಲ್ಲಿ ಯಾರಿಗೂ ಉಳಿದಿಲ್ಲ.) ಮೂರನೆಯವಳು ಗುಬ್ಬಿ ತೋಟದಪ್ಪನವರ ಛತ್ರವನ್ನು ನೆನೆದಳು. ರೈಲು ನಿಲ್ದಾಣದ ಬಳಿ 1903ರಲ್ಲಿ ಆ ಪುಣ್ಯಾತ್ಮರು ಕಟ್ಟಿಸಿದ ಛತ್ರದಲ್ಲಿ ಅವಳ ತಂದೆ ಬೆಂಗಳೂರಿಗೆ ಹೋದಾಗಲೆಲ್ಲ ತಂಗುತ್ತಿದ್ದರಂತೆ. ಪರಸ್ಥಳದವನಿಗೆ ತಲೆಯ ಮೇಲೊಂದು ಸೂರು ಸಿಗಲಿ ಎಂಬ ಯೋಚನೆಯೇ ನಮ್ಮ ನಾಡಿನ ಹೋಟೆಲು ಉದ್ಯಮಕ್ಕಿಂತ ಹಳೆಯದು, ಅದಕ್ಕಿಂತ ದೊಡ್ಡದು. ಆದರೂ ಛತ್ರಕ್ಕೆ ಛತ್ರದ ಶಿಸ್ತು. ನಡುರಾತ್ರಿಯ ನಗು ಅಲ್ಲಿಗೆ ಹೊಂದುವುದಿಲ್ಲವೆಂದು ನಾನು ತಡೆದೆ.

ನಾಲ್ಕನೆಯವಳು ಏನೂ ಹೇಳಲಿಲ್ಲ. ವೆಸ್ಟ್ ಎಂಡ್ ಮಾತು ಬಂದ ಎರಡು ದಿನಕ್ಕೆ ಅವಳಿಂದ ದೂರವಾಣಿ ಬಂತು: "ನೀವು ಮೂವರೂ ಹೋಗಿ ಬನ್ನಿ ಕಣ್ರೇ, ನನಗೆ ಆಗೋದಿಲ್ಲ. ಮೊಮ್ಮಗನಿಗೆ ಪರೀಕ್ಷೆ ಇದೆ."

ಬೇಸಿಗೆ ರಜೆ ಶುರುವಾದ ಮೇಲೆ ಯಾವ ಪರೀಕ್ಷೆ? ಆಯುಷ್ಯವೆಲ್ಲ ಪರೀಕ್ಷೆಯ ವೇಳಾಪಟ್ಟಿ ಬರೆದವರಿಗೆ ಹೇಳುವ ನೆವವೇ ಇದು?

ಇವಳ ವಿಷಯವನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾವು ಮೂವರೂ ಸರ್ಕಾರಿ ಪ್ರೌಢಶಾಲೆಗಳಿಂದ ನಿವೃತ್ತರಾದವರು. ತಿಂಗಳು ಹುಟ್ಟಿದರೆ ಪಿಂಚಣಿ ಬರುತ್ತದೆ. ಅವಳು ಭದ್ರಾವತಿಯಲ್ಲಿ ಅನುದಾನವಿಲ್ಲದ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದಳು. ಕಬ್ಬಿಣದ ಕಾರ್ಖಾನೆಯ ಮತ್ತು ಕಾಗದದ ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗೆ ಅವಳು ಕಲಿಸಿದ ಬೀಜಗಣಿತವು ನಾನು ಕಲಿಸಿದ್ದಕ್ಕಿಂತ ಉತ್ತಮವಾಗಿತ್ತೇ ಹೊರತು ಕಡಿಮೆಯದಲ್ಲ. ಅವಳಿಗೆ ಸಿಗುವುದು ಭವಿಷ್ಯನಿಧಿಯ ಪಿಂಚಣಿ. ಅದಕ್ಕೆ ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಮಿತಿಯನ್ನು ನಿಗದಿಪಡಿಸಿದ್ದೇ 2014ರಲ್ಲಿ. ಅವಳ ಮೊತ್ತ ಅದಕ್ಕಿಂತ ಬಹಳವೇನೂ ಮೇಲಿಲ್ಲ. ಒಂದೇ ಪದವಿ, ಒಂದೇ ಹಾಸ್ಟೆಲು, ಒಂದೇ ಪಠ್ಯಪುಸ್ತಕ. ಕೊನೆಗೆ ಕೈಗೆ ಬರುವುದರಲ್ಲಿ ಇಷ್ಟು ಅಂತರ. ಈ ಅನ್ಯಾಯದ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು.

"ಅವಳ ಪಾಲನ್ನು ನಾವು ಮೂವರೂ ಹಾಕಿಬಿಡೋಣ ಬಿಡೇ" ಎಂದಳು ವೆಸ್ಟ್ ಎಂಡ್‌ನವಳು. ಸದ್ಭಾವದ ಮಾತು. ಆದರೂ ನಾನು ಅದನ್ನು ಕಟುವಾಗಿ ವಿರೋಧಿಸಿದೆ. ಇನ್ನೊಬ್ಬರ ದುಡ್ಡಿನಲ್ಲಿ ಹಾಸಿಗೆಗೆ ಹೋದವಳು 'ಫ್ಯಾನು ಆರಿಸಿ' ಎನ್ನಲೂ ಹಿಂಜರಿಯುತ್ತಾಳೆ. ಪಟ್ಟಿ ನೋಡಿ ಎರಡನೆಯ ಕಾಫಿ ಬೇಡವೆನ್ನುತ್ತಾಳೆ. ವಾದಕ್ಕಿಳಿದರೆ ಅರ್ಧದಲ್ಲೇ ಸೋಲೊಪ್ಪುತ್ತಾಳೆ. ನಮ್ಮ ನಾಲ್ವರಲ್ಲಿ ವಾದದಲ್ಲಿ ಎಂದೂ ಸೋಲದವಳು ಅವಳು. ಅವಳನ್ನು ಸೋಲಿಸುವುದಕ್ಕಾಗಿ ನಾವು ಅಷ್ಟು ದೂರ ಹೋಗಬೇಕೇ? ಮಗನ ಮನೆ ಬೇಡವೆಂದು ನಾನು ಹೇಳಿದ್ದೂ ಯಾರಿಗೂ ಭಾರವಾಗಿ ಇರಬಾರದೆಂದೇ ಅಲ್ಲವೇ? ನನಗೆ ಬೇಕಾದ ಆ ಹಗುರವನ್ನು ಅವಳಿಂದ ಕಿತ್ತುಕೊಳ್ಳುವುದು ಯಾವ ನ್ಯಾಯ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಗೆಳೆಯರು ಕೂಡಿ ಹೋಗುವಾಗ ಹೋಟೆಲನ್ನು ಅತ್ಯಂತ ತೆಳುವಾದ ಕೈಚೀಲ ನೋಡಿ ಆರಿಸಬೇಕು, ಮತ್ತು ಆರಿಸುವವರು ಆ ಕೈಚೀಲದ ಒಡತಿಯೇ ಆಗಿರಬೇಕು. ನಾನು ಅವಳಿಗೆ ದೂರವಾಣಿ ಮಾಡಿ, "ನಿನಗೆ ಬೆಂಗಳೂರಿನ ಬೀದಿಗಳು ಚೆನ್ನಾಗಿ ಗೊತ್ತು, ಹೋಟೆಲು ನೀನೇ ಗೊತ್ತು ಮಾಡಬೇಕು" ಎಂದೆ. ಅರೆಕ್ಷಣ ಸುಮ್ಮನಿದ್ದು, "ಬಸವನಗುಡಿ ಕಡೆ ನೋಡ್ತೀನಿ" ಎಂದಳು. ಮೊಮ್ಮಗನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಅವಳು ಅಂತರ್ಜಾಲದ ಚಿತ್ರಗಳನ್ನು ನಂಬಲಿಲ್ಲ. ಹಿಂದೊಮ್ಮೆ ಯಾರದೋ ಮದುವೆಗೆಂದು ಗಾಂಧಿನಗರದ ಲಾಡ್ಜೊಂದರಲ್ಲಿ ನಮಗೆ ಕೊಠಡಿ ಕೊಟ್ಟಿದ್ದರು. ಚಿತ್ರದಲ್ಲಿ ಅರಮನೆ; ಹೋಗಿ ನೋಡಿದರೆ ಲಿಫ್ಟು ಕೆಟ್ಟಿತ್ತು, ಕಿಟಕಿಯ ಕೆಳಗೇ ಬಾರು. ಅದನ್ನು ನೆನಪಿಟ್ಟುಕೊಂಡು ಅವಳು ಆರು ಕಡೆಗೆ ದೂರವಾಣಿ ಮಾಡಿ, ತರಗತಿಯಲ್ಲಿ ಮೌಖಿಕ ಪರೀಕ್ಷೆ ನಡೆಸುವಂತೆ ಪ್ರಶ್ನೆ ಕೇಳಿದಳು. ಲಿಫ್ಟು ಕೆಲಸ ಮಾಡುತ್ತದೆಯೇ, ವಿದ್ಯುತ್ ಹೋದರೂ? ಕಮೋಡು ಇದೆಯೇ? ಬಿಸಿನೀರು ಎಷ್ಟು ಹೊತ್ತಿಗೆ? ರಾತ್ರಿ ಹತ್ತೂವರೆಗೆ ನಾಲ್ಕು ಜನ ಹೆಂಗಸರು ಹಿಂತಿರುಗಿದರೆ ಕೆಳಗೆ ಎಚ್ಚರವಿರುವವರು ಯಾರು? ಲೆಕ್ಕ ಇಪ್ಪತ್ತನಾಲ್ಕು ಗಂಟೆಯದೋ, ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೋ? ಈ ಕೊನೆಯ ಪ್ರಶ್ನೆಯನ್ನು ಯಾರೂ ಮರೆಯಬೇಡಿ. ಸಂಜೆ ನಾಲ್ಕಕ್ಕೆ ಬಂದವರಿಗೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕದವರು ಮರುದಿನ ಸಂಜೆಯವರೆಗೂ ಕೊಠಡಿ ಬಿಟ್ಟುಕೊಡುತ್ತಾರೆ. ಇನ್ನೊಂದು ಬಗೆಯವರಲ್ಲಿ ಅದೇ ಬಾಡಿಗೆಗೆ ಅರ್ಧ ದಿನ ನಷ್ಟ.

ಕೊನೆಗೆ ಎರಡು ಕೊಠಡಿ, ಒಂದೊಂದಕ್ಕೆ 2,500 ರೂಪಾಯಿ. ಆಗ ಇದ್ದ ಶೇಕಡಾ 12ರ ಜಿ.ಎಸ್.ಟಿ. ಸೇರಿ 5,600, ತಲಾ 1,400. (2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೊಠಡಿಗಳಿಗೆ ತೆರಿಗೆ ಶೇಕಡಾ 5ಕ್ಕೆ ಇಳಿದಿದೆ; ಇದೇ ಬಾಡಿಗೆಗೆ ಈಗಾದರೆ ತಲಾ 1,312 ರೂಪಾಯಿ 50 ಪೈಸೆ. ಗಣಿತದವಳಾದ್ದರಿಂದ ಪೈಸೆ ಬಿಡಲಾರೆ.) ಅದಕ್ಕಿಂತ ಮೇಲಿನ ಬಾಡಿಗೆಗೆ ಶೇಕಡಾ 18. ಅಂದರೆ ಹದಿನೈದು ಸಾವಿರದ ಕೊಠಡಿಗೆ ತೆರಿಗೆಯೇ 2,700 ರೂಪಾಯಿ, ನಮ್ಮ ಒಂದು ಕೊಠಡಿಯ ಬಾಡಿಗೆಗಿಂತ ಹೆಚ್ಚು. ಅಂಥ ಹೋಟೆಲಿನೊಳಗೆ ಊಟ ಮಾಡಿದರೆ ಊಟದ ಮೇಲೂ ಶೇಕಡಾ 18; ಬೀದಿಯ ದರ್ಶಿನಿಯಲ್ಲಿ 5. ದೊಡ್ಡ ಹೋಟೆಲುಗಳ ಮೇಲೆ ನನಗೆ ಹಗೆಯಿಲ್ಲ. ಮಧುಚಂದ್ರಕ್ಕೋ ಷಷ್ಟಿಪೂರ್ತಿಗೋ ಹೋಗುವವರು ಸುಖವಾಗಿ ಹೋಗಲಿ. ಆದರೆ ಅಲ್ಲಿನ ದುಡ್ಡೆಲ್ಲ ಹೋಗುವುದು ಹಾಸಿಗೆಗೆ, ಈಜುಕೊಳಕ್ಕೆ. ಇಡೀ ರಾತ್ರಿ ಮಾತಾಡಿ ಬೆಳಗು ಮಾಡುವವರಿಗೆ ಹಾಸಿಗೆಯ ಮೆತ್ತನೆಯಿಂದ ಆಗಬೇಕಾದ್ದೇನು?

ಹೋದದ್ದು ಕೆಂಪು ಬಸ್ಸಿನಲ್ಲಿ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿನಲ್ಲಿ ಗೋಪಾಳದವಳಾದ ನಾನೂ ಇನ್ನಿಬ್ಬರೂ ಶಿವಮೊಗ್ಗದಲ್ಲಿ ಹತ್ತಿದೆವು. ಭದ್ರಾವತಿಯಲ್ಲಿ ಅವಳು ಹತ್ತಿದಳು. ಬಿಟ್ಟಿ ಬಸ್ಸೆಂದು ಮೂಗು ಮುರಿಯುವ ಬಂಧುಗಳು ನನಗೂ ಇದ್ದಾರೆ. ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯನ್ನು 2020ರಲ್ಲಿ ತೆಗೆದುಹಾಕಿದಾಗ ಅವರು ಮೂಗನ್ನು ಹೀಗೇ ಮುರಿದಿದ್ದರೆ ಚೆನ್ನಾಗಿತ್ತು. ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ಸೊಂಟ ನೋಯಿತು, ಸುಳ್ಳು ಹೇಳಲಾರೆ. ಉಳಿದ ದುಡ್ಡು ಕೊಠಡಿಗೆ ಒದಗಿತು. ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಮೂರನೆಯ ನಿಲ್ದಾಣ ನ್ಯಾಷನಲ್ ಕಾಲೇಜು, ಅಲ್ಲಿಂದ ಆಟೊ.

ಲಾಡ್ಜಿನ ದಪ್ಪ ರಿಜಿಸ್ಟರಿನಲ್ಲಿ ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ ಎಂಬ ಕಲಮುಗಳ ಮುಂದೆ 'ಬಂದ ಉದ್ದೇಶ' ಎಂಬ ಒಂದು ಕಲಮು. ಆಧಾರ್ ಕಾರ್ಡುಗಳನ್ನು ನೋಡುತ್ತಿದ್ದ ಹುಡುಗ, "ಮದುವೆಗೆ ಬಂದಿದ್ದೀರಾ ಅಮ್ಮ, ಇಲ್ಲ ಆಸ್ಪತ್ರೆಗಾ?" ಎಂದು ವಿನಯದಿಂದಲೇ ಕೇಳಿದ. ನಮ್ಮ ವಯಸ್ಸಿನ ಹೆಂಗಸರು ಬೆಂಗಳೂರಿಗೆ ಬರಲು ಮೂರನೆಯ ಕಾರಣವನ್ನು ಅವನು ಕಂಡಿರಲಿಲ್ಲ. ಭದ್ರಾವತಿಯವಳು ಅವನ ಕೈಯಿಂದ ಲೇಖನಿ ತೆಗೆದುಕೊಂಡು, ಕರಿಹಲಗೆಯ ಮೇಲೆ ಬರೆಯುವಂಥ ದುಂಡಾದ ಅಕ್ಷರಗಳಲ್ಲಿ 'ಸ್ವಂತ ಕೆಲಸ' ಎಂದು ಬರೆದಳು.

ಕಚೇರಿಯ ವಿಚಾರ ಇಲ್ಲಿ ಬೇಡ; ಅದು ಸೊಗಸಾಗಿತ್ತು. ರಾತ್ರಿ ನಾಲ್ವರೂ ಒಂದೇ ಕೊಠಡಿಯಲ್ಲಿ ಕುಳಿತೆವು. ಇನ್ನೊಂದಕ್ಕೆ ಕೊಟ್ಟ ಬಾಡಿಗೆ ಬಹುಮಟ್ಟಿಗೆ ದಂಡವೇ. ಮೈಸೂರಿನಲ್ಲಿ ಓದುವಾಗ ಗಂಡಸರ ಜತೆಯಿಲ್ಲದೆ ಮಸಾಲೆ ದೋಸೆ ತಿನ್ನಲು ಹೋಗಿ, ಹೋಟೆಲಿನವರು ನಮ್ಮನ್ನು ಪರದೆ ಎಳೆದ 'ಫ್ಯಾಮಿಲಿ ರೂಮಿ'ನಲ್ಲಿ ಕೂರಿಸಿದ್ದು ಮಾತಿಗೆ ಬಂತು. ಆ ದಿನದ ಬಿಲ್ಲನ್ನು ಕೊಟ್ಟವರು ಯಾರೆಂಬುದರ ಬಗ್ಗೆ ವಾದ ಎದ್ದಿತು. ಎಂದಿನಂತೆ ಅವಳೇ ಗೆದ್ದಳು. ಬಳಿಕ ಹೊದಿಕೆಯ ಮೇಲೆ ನೋಟುಗಳನ್ನು ಹರಡಿಕೊಂಡು ಈ ಸಲದ ಲೆಕ್ಕ ಮಾಡಿದೆವು. ತನ್ನ 1,400ನ್ನು ಅವಳು ಎರಡು ಸಲ ಎಣಿಸಿ ಇಟ್ಟಳು. ವೆಸ್ಟ್ ಎಂಡ್‌ನವಳ ಬಳಿ ಚಿಲ್ಲರೆ ಇರಲಿಲ್ಲ. ಅವಳಿಗೆ ನೂರು ರೂಪಾಯಿ ಸಾಲ ಕೊಟ್ಟವಳೂ ಇವಳೇ.

ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದೆವು. 1943ರದು, ಹೆಸರಿಗೆ ತಕ್ಕಂತೆ ಶಿಕ್ಷಕಿಯರೂ ಸರದಿಯಲ್ಲಿ ನಿಲ್ಲಲೇಬೇಕಾಯಿತು. ಶುಕ್ರವಾರ ಅದಕ್ಕೆ ರಜೆ. ಗುರುವಾರ ರಾತ್ರಿ ಆ ಕಡೆ ತಂಗುವವರು ನೆನಪಿಡಿ.

ಮುಂದಿನ ಸಲಕ್ಕೆ ಮೈಸೂರು ಎಂದಿದ್ದಾಳೆ. ದಸರೆಯ ದಿನಗಳಲ್ಲಿ ಬಾಡಿಗೆ ಗಗನಕ್ಕೇರುವುದರಿಂದ ಅದು ಮುಗಿದ ಮೇಲೆ, ದೀಪಾವಳಿಯ ಮುಂಚೆ. ಹಳೆಯ ಹಾಸ್ಟೆಲಿನ ಹತ್ತಿರವೇ ಯಾವುದನ್ನೋ ನೋಡಿಟ್ಟಿದ್ದಾಳಂತೆ, ಲಿಫ್ಟಿನ ವಿಚಾರ ಇನ್ನೂ ಖಚಿತವಾಗಿಲ್ಲ. ಮೈಸೂರಿನಲ್ಲಿರುವ ನನ್ನ ವಿದ್ಯಾರ್ಥಿಗಳು ದಯವಿಟ್ಟು ರಿಯಾಯಿತಿ ಕೊಡಿಸಲು ಮುಂದಾಗಬೇಡಿ. ನೋಡಬೇಕೆನಿಸಿದರೆ ಸಂಜೆ ಬಂದು ನಮ್ಮೊಡನೆ ಕಾಫಿ ಕುಡಿಯಿರಿ. ನಿಮ್ಮ ಕಾಫಿಯ ದುಡ್ಡನ್ನು ನೀವೇ ಕೊಡಬೇಕು.