ಎತ್ತರವೇ ದೂರವಾಗಿರುವ ನಾಡು

ವಿಸ್ತೀರ್ಣದಲ್ಲಿ ಚಿಕ್ಕದಾದ ದೇಶವನ್ನು ಬೇಗ ನೋಡಿ ಮುಗಿಸಬಹುದೆಂಬ ನಂಬಿಕೆ ಪ್ರವಾಸಿಗರಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸುವವರು ವಿರಳ. ದಕ್ಷಿಣ ಅಮೆರಿಕದ ವಾಯವ್ಯ ಅಂಚಿನಲ್ಲಿ, ಕೊಲಂಬಿಯ ಮತ್ತು ಪೆರು ದೇಶಗಳ ನಡುವೆ ಇರುವ ಎಕ್ವಡಾರ್ ಈ ನಂಬಿಕೆಯನ್ನು ಒರೆಗೆ ಹಚ್ಚಲು ತಕ್ಕ ನಿದರ್ಶನ. ವಿಸ್ತೀರ್ಣದಲ್ಲಿ ಅದು ಪೆರುವಿನ ಐದನೆಯ ಒಂದು ಪಾಲಿಗಿಂತ ತುಸುವೇ ಹೆಚ್ಚು. ಆದರೂ ಪೆಸಿಫಿಕ್ ಕರಾವಳಿಯ ಬಯಲು, ಆಂಡೀಸ್ ಪರ್ವತ ಪ್ರದೇಶ, ಅಮೆಜಾನಿನ ಮಳೆಕಾಡು, ತೀರದಿಂದ ಸುಮಾರು 1,000 ಕಿ.ಮೀ. ದೂರದ ಗಲಾಪಗೋಸ್ ದ್ವೀಪಗಳು ಎಂಬ ನಾಲ್ಕು ಭಿನ್ನ ವಲಯಗಳು ಅದರಲ್ಲಿ ಅಡಕವಾಗಿವೆ. ಒಂದೇ ರಜೆಯಲ್ಲಿ ನಾಲ್ಕು ಲೋಕಗಳನ್ನು ತೋರಿಸುತ್ತೇವೆಂಬ ಭರವಸೆಯನ್ನು ಪ್ರವಾಸೋದ್ಯಮ ಮಾರುತ್ತಿರುವುದು ಈ ಬಲದ ಮೇಲೆಯೇ. ಆದರೆ ವಲಯಗಳು ಪಕ್ಕಪಕ್ಕದಲ್ಲಿವೆ ಎಂದಮಾತ್ರಕ್ಕೆ ಅವು ಒಂದಕ್ಕೊಂದು ಹತ್ತಿರವಾಗಿವೆ ಎನ್ನಲಾಗದು.

ಕಾರಣವನ್ನು ಹವಾಮಾನದಲ್ಲಿ ಹುಡುಕಬೇಕು. ಸಮಭಾಜಕ ವೃತ್ತದ ಮೇಲಿರುವ ಈ ನಾಡಿನಲ್ಲಿ ಹಗಲಿರುಳುಗಳು ವರ್ಷವಿಡೀ ಹೆಚ್ಚುಕಡಿಮೆ ಸಮನಾಗಿರುವುದರಿಂದ, ಒಂದು ಊರಿನ ಸರಾಸರಿ ಉಷ್ಣತೆ ತಿಂಗಳಿಂದ ತಿಂಗಳಿಗೆ ಅಷ್ಟಾಗಿ ಬದಲಾಗುವುದಿಲ್ಲ. ಬದಲಾವಣೆ ತರುವುದು ಎತ್ತರ: ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 1802ರಲ್ಲಿ 6,263 ಮೀಟರ್ ಎತ್ತರದ ಚಿಂಬೊರಾಸೊ ಜ್ವಾಲಾಮುಖಿಯನ್ನು ಬಹುದೂರ ಹತ್ತಿದ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ಯಾವ ಎತ್ತರದಲ್ಲಿ ಯಾವ ಗಿಡ ಬೆಳೆಯುತ್ತದೆಂಬುದನ್ನು ಪರ್ವತದ ಸೀಳುಚಿತ್ರವೊಂದರಲ್ಲಿ ಗುರುತಿಸಿ 1807ರಲ್ಲಿ ಪ್ರಕಟಿಸಿದನು. ಈ ವಿಚಾರಕ್ಕೆ ಇನ್ನೊಂದು ಆಯಾಮವನ್ನು 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಡೇನಿಯಲ್ ಜ್ಯಾನ್ಜೆನ್ ಸೇರಿಸಿದರು. ಸಮಶೀತೋಷ್ಣ ವಲಯದ ಪ್ರಾಣಿ ಬೇಸಗೆಯ ಸೆಕೆ, ಚಳಿಗಾಲದ ಕೊರೆತ ಎರಡನ್ನೂ ಇದ್ದಲ್ಲಿಯೇ ಉಂಡು ಪಳಗಿರುವುದರಿಂದ ಬೆಟ್ಟ ದಾಟುವುದು ಅದಕ್ಕೆ ಅಷ್ಟೇನೂ ಕಷ್ಟವಲ್ಲ. ಉಷ್ಣವಲಯದ ಪ್ರಾಣಿಗಾದರೋ ಕಿರಿದಾದೊಂದು ಉಷ್ಣತೆಯ ಪಟ್ಟಿಯಷ್ಟೇ ಪರಿಚಿತವಾದ್ದರಿಂದ, ಅಷ್ಟೇ ಎತ್ತರದ ಬೆಟ್ಟ ಅದರ ಪಾಲಿಗೆ ಹೆಚ್ಚು ದುರ್ಗಮವಾಗುತ್ತದೆ ಎಂಬುದು ಅವರ ವಾದ. ಜೀವಿಗಳಿಗೆ ಕಣಿವೆಯಿಂದ ಕಣಿವೆಗಿರುವ ದೂರ ಭೂಪಟದಲ್ಲಿ ಕಾಣುವುದಕ್ಕಿಂತ ಎಷ್ಟೋ ದೊಡ್ಡದೆಂಬ ಈ ಒಳನೋಟ, ಇಷ್ಟು ಚಿಕ್ಕ ನಾಡಿನಲ್ಲಿ ಇಷ್ಟೊಂದು ಜೀವಪ್ರಭೇದಗಳು ಹೇಗೆ ಸೇರಿಕೊಂಡವು ಎಂಬ ಪ್ರಶ್ನೆಗೆ ಒಂದು ಉತ್ತರವನ್ನಾದರೂ ಒದಗಿಸುತ್ತದೆ.

ರಾಜಧಾನಿ ಕ್ವಿಟೊದಿಂದ ಅಮೆಜಾನ್ ಅಂಚಿನ ತೇನಾ ಪಟ್ಟಣಕ್ಕೆ ಇಳಿಯುವ ರಸ್ತೆಯಲ್ಲಿ ಈ ಮಾತು ಕಣ್ಣಿಗೇ ಕಾಣುತ್ತದೆ. ಉದ್ದ ಇನ್ನೂರು ಕಿಲೋಮೀಟರಿಗೂ ಕಡಿಮೆ. ಸುಮಾರು 2,850 ಮೀಟರ್ ಎತ್ತರದ ಕ್ವಿಟೊದಿಂದ ಹೊರಟ ರಸ್ತೆ ಮೊದಲು 4,000 ಮೀಟರ್ ಎತ್ತರದ ಪಾಪಯಾಕ್ತಾ ಕಣಿವೆದಾರಿಯವರೆಗೆ ಏರುತ್ತದೆ. ಅಲ್ಲಿರುವುದು ಪಾರಮೋ, ಎಂದರೆ ಮರ ಬೆಳೆಯುವ ಮಿತಿಗೂ ಹಿಮರೇಖೆಗೂ ನಡುವಣ ಒದ್ದೆ ಹುಲ್ಲುಗಾವಲು. ಗಾಳಿಗೂ ರಾತ್ರಿಯ ಚಳಿಗೂ ಮೈಯೊಡ್ಡಿ ನಿಂತ ಗಿಡಗಳು ಅಂಗುಲಕ್ಕಿಂತ ಸಣ್ಣ ಎಲೆಗಳನ್ನು ಒತ್ತೊತ್ತಾಗಿ ಹೆಣೆದುಕೊಂಡು ನೆಲಕ್ಕಂಟಿದ ದಿಂಬುಗಳಾಗಿವೆ. ಜ್ವಾಲಾಮುಖಿಯ ಬೂದಿಯಿಂದಾದ ಕಪ್ಪುಮಣ್ಣು ಮಂಜನ್ನೂ ಮಳೆಯನ್ನೂ ಹೀರಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಕ್ವಿಟೊ ಕುಡಿಯುವ ನೀರಿನ ಬಹುಪಾಲು ಹುಟ್ಟುವುದು ಇಂಥ ನೆಲದಲ್ಲೇ. ಅಲ್ಲಿಂದ ಕೆಳಗಿಳಿದಂತೆ ಅಮೆಜಾನ್ ಕಡೆಯಿಂದ ಮೇಲೇರುವ ಮೋಡ ಕಾಡಿಗೆ ತಗಲುತ್ತದೆ, ಮರದೆತ್ತರದ ಜರೀಗಿಡಗಳು ಕಾಣಿಸಿಕೊಳ್ಳುತ್ತವೆ, ಕೊಂಬೆಕೊಂಬೆಗೂ ಹಾವಸೆ ಮತ್ತು ಸೀತಾಳೆ ಗಿಡಗಳು ಹತ್ತಿಕೊಳ್ಳುತ್ತವೆ. ಸುಮಾರು 500 ಮೀಟರ್ ಎತ್ತರದ ತೇನಾದ ಸುತ್ತ ಕಿಚ್ವಾ ಜನರ ಚಾಕ್ರಗಳಿವೆ. ಕೋಕೋ, ಮರಗೆಣಸು, ಬಾಳೆ ಮುಂತಾದವನ್ನು ಕಾಡುಮರಗಳ ನೆರಳಿನಲ್ಲೇ ಬೆರೆಸಿ ಬೆಳೆಯುವ ತೋಟಕ್ಕೆ ಆ ಹೆಸರು. ಬೆಳಕು ಹರಿಯುವ ಮುನ್ನವೇ ಎದ್ದು ಗ್ವಾಯೂಸ ಎಂಬ ಎಲೆಯ ಕಷಾಯ ಕುಡಿಯುತ್ತ ಮನೆಮಂದಿಯೆಲ್ಲ ಕಲೆಯುವುದು ಈ ಜನರ ಹಳೆಯ ರೂಢಿ. ಬೆಳಗ್ಗೆ ಪಾರಮೋದಲ್ಲಿ ನಡುಗಿದವನು ಸಂಜೆಗೆ ತೇನಾದಲ್ಲಿ ಬೆವರುತ್ತಾನೆ. ಕ್ವಿಟೊದಿಂದ ವಿಮಾನವೇರಿ ನೇರವಾಗಿ ಕಾಡಿನ ನಡುವೆ ಇಳಿಯುವವನಿಗೆ ಎರಡು ಕೊನೆಗಳು ಸಿಗುತ್ತವೆ, ನಡುವಣ ಇಳಿಜಾರು ತಪ್ಪಿಹೋಗುತ್ತದೆ. ಎಕ್ವಡಾರ್ ಎಂಬುದು ಬಹುಮಟ್ಟಿಗೆ ಆ ಇಳಿಜಾರೇ.

ಅಲ್ಲಿನ ಸಮಾಜ ರೂಪುಗೊಂಡದ್ದೂ ಇದೇ ಏರಿಳಿತದ ಮೇಲೆ. ಇಂಕಾ ಆಳ್ವಿಕೆಗೂ ಹಿಂದೆಯೇ ಮಿಂದಲಾ ಎಂದು ಕರೆಸಿಕೊಳ್ಳುತ್ತಿದ್ದ ವೃತ್ತಿವ್ಯಾಪಾರಿಗಳು ಉಪ್ಪು, ಹತ್ತಿ, ಕೋಕಾ ಎಲೆಗಳನ್ನೂ ಕರಾವಳಿಯ ಕೆಂಪು ಸ್ಪಾಂಡಿಲಸ್ ಚಿಪ್ಪನ್ನೂ ಒಂದು ಎತ್ತರದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ವಲಯಗಳು ಬೇರೆಬೇರೆಯಾಗಿದ್ದುದರಿಂದಲೇ ಅವು ಒಂದಕ್ಕೊಂದು ಬೇಕಾಗಿದ್ದವು. ಕರಾವಳಿಯ ಗ್ವಾಯಾಕಿಲ್ ನಗರವನ್ನು ಕ್ವಿಟೊಗೆ ಜೋಡಿಸಿ 1908ರಲ್ಲಿ ಮುಗಿದ ರೈಲುಮಾರ್ಗವೂ ಅಲೌಸಿ ಪಟ್ಟಣದ ಬಳಿ ಕಡಿದಾದ ಬಂಡೆಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಚಲಿಸಿಯೇ ಹತ್ತಬೇಕಾಗಿತ್ತು. ಈಗ ಅದೇ ಎರಡು ನಗರಗಳ ನಡುವಣ ವಿಮಾನಯಾನ ಒಂದು ಗಂಟೆಯೂ ಹಿಡಿಯುವುದಿಲ್ಲ.

ರಜೆಯೇ ಕಡಿಮೆ, ಮತ್ತೆ ಬರುವ ಅವಕಾಶವೂ ಇಲ್ಲ, ಹೀಗಿರುವಾಗ ನಾಲ್ಕನ್ನೂ ನೋಡಿಬಿಡುವುದು ತಪ್ಪೇ ಎಂಬ ಆಕ್ಷೇಪ ನ್ಯಾಯವಾದದ್ದೇ. ರಸ್ತೆಪ್ರಯಾಣ ಎಲ್ಲೆಡೆ ಸುರಕ್ಷಿತವೂ ಅಲ್ಲ: 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಅಪರಾಧಿ ಗುಂಪುಗಳ ವಿರುದ್ಧ ಆಂತರಿಕ ಸಶಸ್ತ್ರ ಸಂಘರ್ಷವನ್ನೇ ಘೋಷಿಸಿತು. ಆದರೆ ಈ ಎರಡೂ ಕಾರಣಗಳು ಹೇಳುವುದು ಕಡಿಮೆ ಜಾಗಗಳಿಗೆ ಹೋಗಬೇಕೆಂದೇ ಹೊರತು ಹೆಚ್ಚಿನ ಜಾಗಗಳಿಗೆ ಓಡಬೇಕೆಂದಲ್ಲ. ಗಲಾಪಗೋಸ್ ವಿಷಯದಲ್ಲಂತೂ ಅವಸರ ಬರಿಯ ಅಭಿರುಚಿಯ ದೋಷವಲ್ಲ. ದ್ವೀಪದಿಂದ ದ್ವೀಪಕ್ಕೆ ಆಮೆಗಳು ಬೇರೆಯಾದದ್ದು ಅವುಗಳ ನಡುವೆ ಸಮುದ್ರವಿದ್ದುದರಿಂದ. ಆ ದೂರವನ್ನು ಮನುಷ್ಯ ಅಳಿಸಿದಾಗ ಜತೆಯಲ್ಲಿ ಬಂದ ಆಡು ಮತ್ತು ಇಲಿಗಳು ಅಲ್ಲಿನ ಜೀವಸಂಕುಲವನ್ನು ಹಾಳುಗೆಡವಿದವು. ನೆಲದ ಸುಮಾರು ಶೇಕಡಾ 97 ಭಾಗವನ್ನು ರಾಷ್ಟ್ರೀಯ ಉದ್ಯಾನವಾಗಿ ಕಾಯ್ದಿಟ್ಟಿರುವುದೂ, 2024ರ ಆಗಸ್ಟಿನಿಂದ ಬಹುತೇಕ ವಿದೇಶಿ ಪ್ರವಾಸಿಗರ ಪ್ರವೇಶ ಶುಲ್ಕವನ್ನು 200 ಡಾಲರಿಗೆ ಏರಿಸಿರುವುದೂ ಸರಿಯಾದ ಕ್ರಮಗಳೇ.

ಆದ್ದರಿಂದ ಹತ್ತು ದಿನಗಳಷ್ಟೇ ಕೈಯಲ್ಲಿರುವವರು ದ್ವೀಪಗಳನ್ನು ಈ ಸಲಕ್ಕೆ ಬಿಟ್ಟು ಒಂದೇ ಒಂದು ಇಳಿಜಾರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕ್ವಿಟೊದಲ್ಲಿ ಎರಡು ದಿನ ತಂಗಿ ಎತ್ತರಕ್ಕೆ ಮೈ ಒಗ್ಗಿಸಿಕೊಂಡು, ಆ ಹೊತ್ತಿಗೆ ದಾರಿಯ ಸ್ಥಿತಿಗತಿಯನ್ನು ಸ್ಥಳೀಯರಲ್ಲಿ ವಿಚಾರಿಸಿಕೊಂಡು, ಹಗಲಿನ ಬಸ್ಸಿನಲ್ಲೇ ಹೊರಡಲಿ. ಮೋಡದ ಕಾಡಿನ ನಡುವೆ ಇರುವ ಬಾಯೇಸಾದಲ್ಲಿ ಒಂದೆರಡು ರಾತ್ರಿಯಾದರೂ ಉಳಿದು, ಆಮೇಲೆ ತೇನಾಕ್ಕೆ ಇಳಿಯಲಿ.